ದಾನಿಯ ಹೆಸರು ಕೂಗುವ ಫೋನು

ನಮ್ಮೂರಿನಲ್ಲಿ ಮನೆಯೊಳಗಿನ ಸದ್ದು ಹೊಸ್ತಿಲು ದಾಟುವುದಿಲ್ಲ. ಹೊರಗಿನದು ಒಳಗೆ ಬರುವುದಿಲ್ಲ, ಒಳಗಿನದು ಹೊರಗೆ ಹೋಗುವುದಿಲ್ಲ. ಬಾಗಿಲು, ಕಿಟಕಿ ಹಾರುಹೊಡೆದಿಟ್ಟರೂ ಅಷ್ಟೇ. ಯಾಕೆ ಹೀಗೆ ಎಂದು ಕೇಳುವವರು ಪರವೂರಿನಿಂದ ಬಂದ ಬೀಗರು ಮಾತ್ರ, ಅವರೂ ನಾಲ್ಕು ದಿನ ಉಂಡುಟ್ಟು ಇದ್ದರೆ ಕೇಳುವುದನ್ನು ಬಿಡುತ್ತಾರೆ. ಪ್ರತಿ ಬಾಗಿಲ ಪಕ್ಕ ಒಂದು ಹಗ್ಗ ಇಳಿಬಿಟ್ಟಿರುತ್ತದೆ. ಎಳೆದರೆ ಒಳಗೆ ಗಂಟೆ ಬಡಿಯುತ್ತದೆ. ಬಡಿಯಿತೋ ಇಲ್ಲವೋ ಎಳೆದವರಿಗೆ ತಿಳಿಯುವುದಿಲ್ಲ, ದೇವರ ಮೇಲೆ ಭಾರ ಹಾಕಿ ನಿಲ್ಲಬೇಕು. ಮಕ್ಕಳನ್ನು ಊಟಕ್ಕೆ ಕರೆಯುವ ತಾಯಿ ಹೊಸ್ತಿಲಾಚೆ ಬಂದು ಕೂಗಬೇಕು. ನನ್ನದು ಹಿಟ್ಟಿನ ಗಿರಣಿ. ಅದು ಓಡುತ್ತಿದ್ದ ಕಾಲದಲ್ಲಿ ಒಳಗೆ ನಿಂತು ನಿಂತು ನನ್ನ ಒಂದು ಕಿವಿ ಮಂದವಾಯಿತೇ ಹೊರತು, ಎದುರಿನ ಅಂಗಡಿಯವರ ಮಧ್ಯಾಹ್ನದ ನಿದ್ದೆ ಒಂದು ದಿನವೂ ಕೆಡಲಿಲ್ಲ.

ಇದರಿಂದಾಗಿ ನಮ್ಮೂರಿನ ಗಂಡಸರಿಗೆ ಎರಡು ಗಂಟಲು ಬೆಳೆದಿವೆ. ಬೀದಿಯ ಗಂಟಲಿನಲ್ಲಿ ಬೆಣ್ಣೆ. ‘ಬರ್ರಿ, ಕೂಡ್ರಿ, ಚಾ ತಗೋರಿ’ ಎಂದು ಉಪಚಾರ ಮಾಡಿದ ಮನುಷ್ಯನೇ ಹೊಸ್ತಿಲ ಒಳಗೆ ಕಾಲಿಟ್ಟ ಕ್ಷಣ ಬೇರೆ ಗಂಟಲು ತೆಗೆಯುತ್ತಾನೆ. ಅದಕ್ಕೆ ಅವನು ಯೋಚನೆ ಮಾಡಬೇಕಿಲ್ಲ, ಚಪ್ಪಲಿ ಬಿಟ್ಟಷ್ಟೇ ಸಲೀಸು. ಹೊರಗೆ ಏನೂ ಕೇಳಿಸದ ಕಾರಣ ನಮ್ಮದು ಮರ್ಯಾದಸ್ಥರ ಊರು ಎಂದು ಸುತ್ತಲೆಲ್ಲ ಹೆಸರು. ಹೆಣ್ಣು ಕೊಡುವವರು ಸಾಲುಗಟ್ಟಿ ಬರುತ್ತಾರೆ. ಒಂದು ದಿನವೂ ಒಂದು ಮನೆಯಿಂದಲೂ ಜಗಳ ಕೇಳಿಸದ ಊರು ಇದೊಂದೇ ಎಂದು ಹೇಳಿಕೊಂಡು ತಿರುಗುತ್ತಾರೆ, ಮೂರ್ಖ ಮುಂಡೇವು.

ಮೊಬೈಲ್ ಫೋನು ಬಂದಾಗ ಮಾತ್ರ ಊರಿನ ಹಿರಿಯರಿಗೆ ಎದೆ ಧಸಕ್ಕೆಂದಿತು. ಅದು ಹೊಸ್ತಿಲನ್ನು ಲೆಕ್ಕಕ್ಕೇ ಇಡಲಿಲ್ಲ. ಒಳಗೆ ಆಡಿದ ಮಾತು ಹೊರಗಿನವರ ಕಿವಿಗೆ ನೆಟ್ಟಗೆ ಹೋಗತೊಡಗಿತು. ಹಿರಿಯರೆಲ್ಲ ಕೂಡಿ ತಲೆ ಕೆರೆದುಕೊಂಡು ಕೊನೆಗೊಂದು ಉಪಾಯ ಕಂಡುಕೊಂಡರು: ಫೋನು ಮನೆಯ ಯಜಮಾನನ ಕಿಸೆಯಲ್ಲೇ ಇರಬೇಕು. ಅಂದಿನಿಂದ ಗಂಡಸರ ಕಿಸೆಗಳು ಊದಿಕೊಂಡವು, ಹೊಸ ಫೋನು ಬಂದ ಹಾಗೆ ಹಳೆಯವು ಅಲಮಾರಿಗಳಲ್ಲಿ ಸತ್ತು ಬಿದ್ದವು. ಹೆಂಗಸರ ಕೈಗೆ ಮಾತ್ರ ಸತ್ತದ್ದೂ ಸಿಗಲಿಲ್ಲ. ನನ್ನ ಮನೆಗೆ ನಾನೇ ಯಜಮಾನಿಯಾದ್ದರಿಂದ ನನ್ನ ಕೈಗೊಂದು ಬಂತು, ಅಷ್ಟೇ.

ಹೀಗಿರುವಾಗ ಡಾಕ್ಟರ ಹೆಂಡತಿ ಇಂದುಮತಿಬಾಯಿಗೆ ದಯೆ ಉಕ್ಕಿತು. ಯಾವುದೋ ಪಟ್ಟಣದಲ್ಲಿ ಗಂಡನ ಹೊಡೆತ ತಿನ್ನುವ ಹೆಂಗಸರಿಗೆ ಹಳೆಯ ಫೋನು ಹಂಚುತ್ತಾರಂತೆ, ಆಪತ್ತಿನಲ್ಲಿ ಯಾರನ್ನಾದರೂ ಕರೆಯಲಿಕ್ಕೆ. ಅದನ್ನು ಕೇಳಿ ಬಂದವರೇ ಮಹಿಳಾ ಸಂರಕ್ಷಣಾ ಸಮಿತಿ ಕಟ್ಟಿದರು. ಅಧ್ಯಕ್ಷತೆ ತಮ್ಮದೇ. ಕಾರ್ಯದರ್ಶಿ ಅರಿವೆ ಅಂಗಡಿಯ ಪಂಚಾಕ್ಷರಪ್ಪ ಜವಳಿ. ಇಡೀ ಬಜಾರದಲ್ಲಿ ಅವನಷ್ಟು ಮೆತ್ತಗೆ ಮಾತಾಡುವ ವ್ಯಾಪಾರಿ ಇರಲಿಲ್ಲ, ಕೊಳ್ಳದೆ ಎದ್ದು ಹೋದವರಿಗೂ ಕೈ ಮುಗಿಯುತ್ತಿದ್ದ. ನನ್ನ ಗಿರಣಿ ಕೆಟ್ಟು ಕೂತಿತ್ತು, ಬಜಾರದ ಬಾಯಲ್ಲೇ ಇತ್ತು. ಹಾಗಾಗಿ ಫೋನು ಕೂಡಿಸುವ ಜಾಗ ಅದೇ ಆಯಿತು. ಜಾಗದ ಜೊತೆಗೆ ಹಿರಿಯಳೆಂದು ನನ್ನನ್ನೂ ಸಮಿತಿಗೆ ಸೇರಿಸಿಕೊಂಡರು.

“ಕೂಡಿಸಿದ ಫೋನು ಯಾರಿಗೆ ಕೊಡವ್ರಿ?” ಎಂದು ಮೊದಲ ಸಭೆಯಲ್ಲೇ ಕೇಳಿದೆ.

“ಬ್ಯಾರೆ ಊರಿಗೆ ಕಳಸೂಣ್ರಿ ದಾಕ್ಷಾಯಣಕ್ಕ” ಎಂದ ಪಂಚಾಕ್ಷರಪ್ಪ. “ನಮ್ಮೂರಾಗ ಅಂಥಾ ಹೆಣ್ಮಕ್ಕಳು ಯಾರದಾರ್ರಿ? ನೀವು ಇಷ್ಟು ವರ್ಷ ಬಾಳೀರಿ, ಎಂದರ ಒಂದು ಸದ್ದು ಕೇಳೀರೇನು?”

ಎಲ್ಲರೂ ಹೌದಲ್ಲ ಎಂದು ತಲೆಯಾಡಿಸಿದರು. ಕೇಳಿಸುವುದಿಲ್ಲ ಎಂಬುದಕ್ಕೂ ಇಲ್ಲ ಎಂಬುದಕ್ಕೂ ವ್ಯತ್ಯಾಸ ಗೊತ್ತಿಲ್ಲದ ಜನ ನಮ್ಮವರು.

ದಾನಕ್ಕೆ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದಂತೆ. ನಾನು ಎಣಿಸಿದೆ. ಕೆಲವಕ್ಕೆ ಬ್ಯಾಟರಿಯೇ ಇರಲಿಲ್ಲ. ಒಂದು ಸಾರಿನಲ್ಲಿ ಬಿದ್ದದ್ದು, ಮೂಸಿದರೆ ಇನ್ನೂ ಒಗ್ಗರಣೆಯ ವಾಸನೆ. ಒಬ್ಬ ಮಹಾನುಭಾವ ಫೋನು ಕೊಟ್ಟು, ಅದರ ಕವರು ಮಾತ್ರ ಬಿಚ್ಚಿಕೊಂಡು ಹೋದ. ಇನ್ನೊಬ್ಬ ನನ್ನ ಕೈಗಿತ್ತು, ಕೊಡುತ್ತಿರುವ ಫೋಟೋ ತೆಗೆಸಿಕೊಂಡು, ‘ಮೊಮ್ಮಗ ಇದರಾಗ ಆಟ ಆಡ್ತಾನ್ರಿ, ಮುಂದಿನ ತಿಂಗಳ ಕೊಡ್ತೀನಿ’ ಎಂದು ವಾಪಸು ಕಿಸೆಗಿಳಿಸಿದ. ಟಿವಿಯ ರಿಮೋಟು ತಂದ ಪುಣ್ಯಾತ್ಮನೂ ಇದ್ದ. ‘ಇರ್ಲಿ ಬಿಡ್ರಿ, ಇದಕ್ಕೂ ಬಟನ್ ಅದಾವ’ ಎಂದ. ಕೊಟ್ಟವರೆಲ್ಲರ ಮುಖದಲ್ಲೂ ಕೆರೆ ಕಟ್ಟಿಸಿದವರ ಕಳೆ.

ಕೆಲಸ ಮಾಡುವ ಫೋನುಗಳನ್ನು ಬೇರ್ಪಡಿಸಿ ಇಟ್ಟ ಮೇಲೆ ಪಂಚಾಕ್ಷರಪ್ಪನಿಗೆ ಒಂದು ವಿಚಾರ ಹೊಳೆಯಿತು. ನಮ್ಮೂರಿನಲ್ಲಿ ಯಾರೂ ಹೆಸರಿಲ್ಲದೆ ದಾನ ಕೊಡುವುದಿಲ್ಲ. ಗುಡಿಯ ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರು, ಊರು, ಅಡ್ಡಹೆಸರು ಬರೆಸಿ ಬರೆಸಿ ಬೆಳಕು ಹೊರಗೆ ಬರಲು ಸಂದೇ ಉಳಿದಿಲ್ಲ. ಇಷ್ಟು ಸಣ್ಣ ಫೋನಿನ ಮೇಲೆ ಅಷ್ಟೆಲ್ಲ ಬರೆಸುವುದು ಹೇಗೆ? ಅದಕ್ಕೇ ಅವನು ಹೇಳಿದ: ಫೋನು ರಿಂಗಾದಾಗ ಅದೇ ದಾನಿಯ ಹೆಸರು ಹೇಳಲಿ. ಫೋನು ರಿಪೇರಿಯವನನ್ನು ಹಿಡಿದು ಎಲ್ಲದಕ್ಕೂ ಹಾಗೆ ಮಾಡಿಸಿದರು. ಯಾರೂ ಸದ್ದು ತಗ್ಗಿಸಲು ಬಾರದಂತೆಯೂ ಮಾಡಿಸಿದರು, ತಗ್ಗಿಸಿದರೆ ದಾನಿಗೆ ಅವಮಾನವಲ್ಲವೇ.

“ಅಲ್ಲೋ ಪಂಚಾಕ್ಷರಿ, ಹೊಡ್ತ ತಿನ್ನಾಕಿ ಇದನ್ನ ಮುಚ್ಚಿ ಇಟ್ಕೋಬೇಕು. ಇದು ಹಿಂಗ ಒದರಿದ್ರ ಆಕಿ ಗತಿ ಏನು?” ಎಂದೆ.

“ಅಕ್ಕಾ, ಕೊಟ್ಟವರು ಯಾರಂತ ಆಕಿಗೆ ನೆನಪಿರಬೇಕಲ್ರಿ” ಎಂದು ಕೈ ಮುಗಿದ. ಇಂದುಮತಿಬಾಯಿ, “ಕೃತಜ್ಞತಾ ಅನ್ನೂದು ಬೇಕೇ ಬೇಕು” ಎಂದು ಕನ್ನಡಕ ಸರಿಮಾಡಿಕೊಂಡರು. ಇವರ ಕೃತಜ್ಞತೆಗೆ ಬೆಂಕಿ ಬೀಳಲಿ ಎಂದುಕೊಂಡೆ. ಹೇಳಿಯೂ ಹೇಳಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಪಂಚಾಕ್ಷರಪ್ಪನ ಹಳೆಯ ಫೋನನ್ನು ತಂದವಳು ಅವನ ಹೆಂಡತಿ ಕಸ್ತೂರಿ. ಅವನು ಎಲ್ಲರಿಗಿಂತ ಮೊದಲು ತನ್ನ ಹೆಸರಿನ ಕೂಗು ಹಾಕಿಸಿಕೊಂಡು, ಅಂಗಡಿಯ ಚೀಲದಲ್ಲಿ ಸುತ್ತಿ ಕಳಿಸಿದ್ದ. ಗಿರಣಿಯಲ್ಲಿ ಆಗ ನಾನೊಬ್ಬಳೇ ಇದ್ದೆ.

“ಇಡವ್ವ ಅಲ್ಲೇ ಟೇಬಲ್ ಮ್ಯಾಲೆ” ಎಂದೆ.

ಅವಳು ಇಡಲಿಲ್ಲ. “ಕೊಡಾಕ ಕಳಿಸ್ಯಾರಕ್ಕಾ. ನಾ ಇಸ್ಕೊಂಡು ಹೋಗಾಕ ಬಂದೀನಿ” ಎಂದಳು.

ನಾನು ಅವಳ ಮುಖ ನೋಡಿದೆ. ಮದುವೆಯಾಗಿ ಬಂದಾಗ ತುಂಬು ಗಲ್ಲದ ಹುಡುಗಿ, ಹಿಟ್ಟು ಬೀಸಿಸಲು ಬಂದರೆ ಗಿರಣಿಯ ಸದ್ದಿನ ಮೇಲೆ ಸದ್ದು ಮಾಡಿ ನಗುತ್ತಿದ್ದಳು. ಈಗ ಕಣ್ಣ ಕೆಳಗೆ ಕಪ್ಪು.

“ಹೊಡೀತಾನೇನ?”

“ಕೈ ನೋಯ್ತಾವಂತ ಗಜದಿಂದ ಹೊಡೀತಾರ. ಅಂಗಡ್ಯಾಗ ಅರಿವಿ ಅಳೀತಾರಲ್ಲ, ಆ ಕಬ್ಬಿಣದ ಗಜ.” ಸೆರಗು ಸರಿಸಿ ತೋರಿಸಲು ಹೋದಳು. ಬೇಡವ್ವ ಎಂದು ಕೈ ಹಿಡಿದೆ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಗಾದೆ ಕಟ್ಟಿದವನು ನಮ್ಮ ಕಾರ್ಯದರ್ಶಿಯನ್ನು ನೋಡಿಯೇ ಕಟ್ಟಿರಬೇಕು.

ಸಮಿತಿಯವರು ಒಟ್ಟಿಗೆ ತಂದಿಟ್ಟಿದ್ದ ಸಿಮ್ಮುಗಳಲ್ಲಿ ಒಂದನ್ನು ಆ ಫೋನಿಗೆ ಹಾಕಿ, ನನ್ನ ನಂಬರು ಕೂಡಿಸಿ ಅವಳಿಗೇ ಕೊಟ್ಟೆ. ಯಾವಾಗಲೂ ಆರಿಸಿಟ್ಟುಕೋ, ಬೇಕಾದಾಗ ಮಾತ್ರ ಹಚ್ಚು, ಇಲ್ಲವಾದರೆ ನಿನ್ನ ಗಂಡನ ಬಿರುದು ಬಾವಲಿ ಮನೆ ತುಂಬ ಕೂಗುತ್ತದೆ ಎಂದೆ. “ಜ್ವಾಳದ ಹಿಟ್ಟಿನ ಡಬ್ಬ್ಯಾಗ ಹುಗದಿಡ್ತೀನಿ, ಆ ಡಬ್ಬಿ ಎಲ್ಲೈತಿ ಅಂತನೂ ಅವರಿಗೆ ಗೊತ್ತಿಲ್ಲ” ಎಂದು ಅವಳು ಅಂದು ಮೊದಲ ಸಲ ನಕ್ಕಳು.

ಕೆಲವು ದಿನ ಕಳೆದ ಮೇಲೆ ಒಂದು ಸಂಜೆ ನನ್ನ ಫೋನು ರಿಂಗಾಯಿತು. ಎತ್ತಿದರೆ ಕಸ್ತೂರಿ ಮಾತಾಡಲಿಲ್ಲ. ಫೋನನ್ನು ಹಚ್ಚಿ ಎಲ್ಲೋ ಇಟ್ಟಿದ್ದಳು. ಇನ್ನೊಬ್ಬರ ಮನೆಯ ಒಳಗಿನ ಸದ್ದನ್ನು ನಾನು ನನ್ನ ಜನ್ಮದಲ್ಲಿ ಕೇಳಿದ್ದು ಆಗಲೇ. ಬೆಳಿಗ್ಗೆಯಷ್ಟೇ ನನ್ನ ಗಿರಣಿಯಲ್ಲಿ ಕೂತು ಬೆಲ್ಲದ ಚಹಾ ಹೊಗಳಿ ಹೋದ ಮನುಷ್ಯನ ಗಂಟಲು ಅದು ಎಂದು ಗುರುತು ಹಿಡಿಯಲು ಸಮಯ ಹಿಡಿಯಿತು. ಆಮೇಲೆ ಗಜದ ಸದ್ದು. ಪ್ರತಿ ಪೆಟ್ಟಿಗೂ ಅವಳು ‘ಯವ್ವಾ’ ಎನ್ನುತ್ತಿದ್ದಳು. ನನ್ನ ಒಳ್ಳೆಯ ಕಿವಿಗೆ ಫೋನು ಒತ್ತಿಕೊಂಡು ಬೀದಿಗಿಳಿದೆ. ಅವಳ ಮನೆಗೆ ಓಡಿಹೋಗಿ ಹಗ್ಗ ಎಳೆದೆ. ಬಾಗಿಲು ತೆರೆದವನು ಪಂಚಾಕ್ಷರಪ್ಪ, ಹೊಸ್ತಿಲಾಚೆ ಬಂದು, “ಬರ್ರಿ ಅಕ್ಕಾ, ಈಗ ಊಟಕ್ಕ ಕೂತಿದ್ದೆ” ಎಂದು ಕೈ ಮುಗಿದ. ಹಣೆಯ ಮೇಲೆ ಬೆವರಿತ್ತು.

ಮರುದಿನ ಕಸ್ತೂರಿ ಬಂದು, “ಕೇಳಿದ್ರೇನಕ್ಕಾ?” ಎಂದಳು.

“ಕೇಳಿದ್ನೆವ್ವ.”

“ಯಾರರ ಒಬ್ಬರು ಕೇಳಬೇಕಾಗಿತ್ತು. ಖರೇ ನಡದೈತೋ, ನಂದ ಭ್ರಮೆಯೋ ಅಂತ ನನಗ ಅನಸಾಕ ಹತ್ತಿತ್ತು.”

ಅವತ್ತೇ ನಾವಿಬ್ಬರೂ ತೀರ್ಮಾನಿಸಿದೆವು. ದೂರದ ಊರಿನಲ್ಲಿ ಅವಳ ಅಕ್ಕ ಇದ್ದಾಳೆ. ಫೋನು ಅರ್ಪಿಸುವ ಕಾರ್ಯಕ್ರಮದ ದಿನ ಊರೆಲ್ಲ ಮೈದಾನದಲ್ಲಿರುತ್ತದೆ, ಗಂಡ ವೇದಿಕೆಯ ಮೇಲಿರುತ್ತಾನೆ. ಮೈದಾನದ ಪಕ್ಕವೇ ಬಸ್ಸು ನಿಲ್ಲುವ ಜಾಗ. ಬಸ್ಸು ಕಂಡ ಕೂಡಲೇ ನಾನು ಫೋನು ಮಾಡುವುದು, ಅವಳು ಚೀಲ ಹಿಡಿದು ಬರುವುದು. ಅದೊಂದು ಬೆಳಿಗ್ಗೆ ಮಾತ್ರ ಫೋನನ್ನು ಹಚ್ಚಿಟ್ಟಿರು ಎಂದೆ.

ಕಾರ್ಯಕ್ರಮದ ದಿನ ಮೈದಾನದಲ್ಲಿ ಶಾಮಿಯಾನ, ಜರಿಯ ಬಟ್ಟೆ ಹಾಸಿದ ಟೇಬಲ್, ಅದರ ಮೇಲೆ ಹೂವಿನ ನಡುವೆ ಫೋನುಗಳು. ಮುಖ್ಯ ಅತಿಥಿ ಬರುವ ಮೊದಲು ಒಮ್ಮೆ ನೋಡಿಬಿಡೋಣ ಎಂದು ಇಂದುಮತಿಬಾಯಿಗೆ ಹುಕಿ ಬಂತು. ಗಂಡನ ಫೋನು ಹಿಡಿದು ಸಿಮ್ಮುಗಳ ನಂಬರುಗಳಿಗೆಲ್ಲ ಒಂದಾದ ಮೇಲೊಂದು ಫೋನು ಮಾಡತೊಡಗಿದರು. ಟೇಬಲ್ಲಿನ ಮೇಲೆ ದಾನಿಗಳು ಒಬ್ಬೊಬ್ಬರಾಗಿ ಕೂಗಿದರು, ಅವರವರ ನೆಂಟರು ಚಪ್ಪಾಳೆ ತಟ್ಟಿದರು.

“ಇದೊಂದು ನಂಬರ್ ಇಲ್ಲಿ ಒದರವಲ್ದು. ರಿಂಗ್ ಮಾತ್ರ ಆಗಾಕತ್ತೈತಿ, ಎಲ್ಲೈತೋ ಏನೋ” ಎಂದು ಅವರು ಮತ್ತೆ ಮತ್ತೆ ಅದಕ್ಕೇ ಮಾಡಿದರು.

ಅದು ಕಸ್ತೂರಿಯ ನಂಬರು. ಬಿಡ್ರೀ ಎಂದು ಅವರ ಕೈಯಿಂದ ಫೋನು ಕಸಿದುಕೊಳ್ಳುವಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು. ಆಮೇಲೆ ಕಸ್ತೂರಿಯೇ ಹೇಳಿದಳು. ಪಂಚಾಕ್ಷರಪ್ಪ ಇನ್ನೂ ಮನೆಯಲ್ಲೇ ಇದ್ದ, ಕನ್ನಡಿ ಮುಂದೆ ನಿಂತು ರೇಷ್ಮೆ ಅಂಗಿ ತೊಡುತ್ತಿದ್ದ. ಅಡುಗೆಮನೆಯ ಹಿಟ್ಟಿನ ಡಬ್ಬಿಯೊಳಗಿಂದ ‘ಈ ಫೋನಿನ ದಾನಿಗಳು ಶ್ರೀಮಾನ್ ಪಂಚಾಕ್ಷರಪ್ಪ ಜವಳಿಯವರು, ಸುಪ್ರಸಿದ್ಧ ಜವಳಿ ವ್ಯಾಪಾರಿಗಳು’ ಎಂದು ಕೂಗು ಬಂತು. ಮೊದಲು ಅವನು ಹಿಗ್ಗಿ ಮೀಸೆಯ ಮೇಲೆ ಕೈಯಾಡಿಸಿದನಂತೆ. ಎರಡನೆಯ ಸಲ ಕೂಗಿದಾಗ ಅದು ಎಲ್ಲಿಂದ ಬರುತ್ತಿದೆ ಎಂದು ಅವನಿಗೆ ಹೊಳೆಯಿತು.

ಅವನು ಮೈದಾನಕ್ಕೆ ಬಂದದ್ದು ತಡವಾಗಿ. ನಗುನಗುತ್ತ ಎಲ್ಲರಿಗೂ ಕೈ ಮುಗಿಯುತ್ತ ಬಂದ. ಬಲಗೈ ತೋಳಿಗೆ ಮೊಣಕೈವರೆಗೆ ಬಿಳಿ ಬಳಿದಿತ್ತು. ಜನ ವಿಭೂತಿ ಎಂದುಕೊಂಡರೇನೋ, ಗಿರಣಿಯವಳಾದ ನನಗೆ ಜೋಳದ ಹಿಟ್ಟಿನ ಗುರುತು ಹತ್ತದಿರುತ್ತದೆಯೇ? ಅದೇ ಕೈಯಲ್ಲಿ ಮೈಕು ಹಿಡಿದು, “ಹೆಣ್ಣಂದ್ರ ಮನಿಯ ದೀಪ. ಆ ದೀಪಕ್ಕ ಗಾಳಿ ಬಡೀದಂಗ ಕಾಯೂದು ಗಂಡಸಿನ ಧರ್ಮ” ಎಂದು ಶುರು ಮಾಡಿದ. ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ನಡೆದೆ. ಹಿಂದಿನಿಂದ ಇಂದುಮತಿಬಾಯಿ, “ದಾಕ್ಷಾಯಣಕ್ಕ, ನಿಮಗಿನ್ನೂ ಶಾಲು ಹೊದಿಸಿಲ್ರಿ” ಎಂದು ಕರೆಯುತ್ತಿದ್ದರು.

ಅವನ ಮನೆಗೆ ಹೊರಗಿನಿಂದ ಬೀಗ ಬಿದ್ದಿತ್ತು. ಓಣಿಯಲ್ಲಿ ನರಪಿಳ್ಳೆ ಇರಲಿಲ್ಲ. ಬಚ್ಚಲ ಹಿಂದೆ ಬಿದ್ದಿದ್ದ ಗುಂಡುಕಲ್ಲು ಎತ್ತಿ ತಂದು ಬೀಗ ಜಜ್ಜಿದೆ. ಜೀವನವಿಡೀ ಜೋಳದ ಚೀಲ ಎತ್ತಿದ ತೋಳು, ವಯಸ್ಸಾಗಿದ್ದರೂ ಕೈ ಕೊಡಲಿಲ್ಲ. ಬಾಗಿಲು ತೆರೆದುಕೊಂಡಿತು. ಕಸ್ತೂರಿ ಎದುರಿನ ಗೋಡೆಗೆ ಒರಗಿ ಕೂತಿದ್ದಳು. ಒಂದು ಕೈ ಜೋತುಬಿದ್ದಿತ್ತು, ಬಾಯಿ ಅಗಲವಾಗಿ ತೆರೆದಿತ್ತು, ಸದ್ದಿರಲಿಲ್ಲ. ಹೊಸ್ತಿಲು ದಾಟಿದೆ ನೋಡಿ, ಆಗ ಬಡಿಯಿತು ಕಿವಿಗೆ. ಅವಳು ಅಳುತ್ತಿರಲಿಲ್ಲ, ಬೈಯುತ್ತಿದ್ದಳು. ಅವನನ್ನು, ಅವನ ವಂಶವನ್ನು, ಅವನ ಅಂಗಡಿಯ ಒಂದೊಂದು ಅರಿವೆಯ ಥಾನನ್ನು ಹಿಡಿದು, ಗಂಟಲು ಹರಿಯುವಂತೆ ಬೈಯುತ್ತಿದ್ದಳು. ಅದೆಷ್ಟು ಹೊತ್ತಿನಿಂದ ಬೈಯುತ್ತಿದ್ದಳೋ. ಅವಳನ್ನು ಎಬ್ಬಿಸಿ, ಸೊಂಟಕ್ಕೆ ಕೈಕೊಟ್ಟು ಗಿರಣಿಗೆ ಕರೆತಂದೆ. ಬಸ್ಸು ಹೋಗಿಬಿಟ್ಟಿತ್ತು.

ಕೈಗೆ ಪಟ್ಟಿ ಕಟ್ಟಿದ ಡಾಕ್ಟರು, “ಬಚ್ಚಲದಾಗ ಜಾರಿ ಬಿದ್ಳೇನ್ರಿ?” ಎಂದು ನನ್ನನ್ನು ಕೇಳಿದರು. ನಮ್ಮೂರಿನ ಬಚ್ಚಲುಗಳಷ್ಟು ಜಾರುವ ಬಚ್ಚಲು ಭೂಮಿಯ ಮೇಲೆ ಎಲ್ಲೂ ಇಲ್ಲ. “ಇಲ್ರಿ, ನಿಮ್ಮ ಸಮಿತಿ ಕಾರ್ಯದರ್ಶಿ ಮ್ಯಾಲೆ ಬಿದ್ದಾರ” ಎಂದೆ. ಅವರು ಹತ್ತಿಯ ಉಂಡೆ ಹುಡುಕುವುದರಲ್ಲಿ ಮಗ್ನರಾದರು.

ಮರುದಿನ ಸಂಧಾನಕ್ಕೆ ಬರುತ್ತೇವೆಂದು ಸಮಿತಿಯವರು ಹೇಳಿಕಳಿಸಿದರು. ಅವರು ಬಂದು ಏನು ಮಾಡುತ್ತಾರೆಂದು ನನಗೆ ಗೊತ್ತಿತ್ತು. ನಾಲ್ಕು ಮಂದಿ ಹಿರಿಯರು ಬುದ್ಧಿ ಹೇಳಿ ಅವಳನ್ನು ಎಬ್ಬಿಸಿ ಕಳಿಸುತ್ತಾರೆ. ಕೇಳದ್ದನ್ನು ಯಾರು ನಂಬುತ್ತಾರೆ? ಬೆಳಿಗ್ಗೆ ಎದ್ದವಳೇ ಮೌನೇಶ ಬಡಿಗೇರನನ್ನು ಕರೆಸಿ, ಗಿರಣಿಯ ಹೊಸ್ತಿಲು ಕಿತ್ತು ಹಾಕು ಎಂದೆ.

ಅವನ ಕೈಯಿಂದ ಉಳಿ ಜಾರಿತು. “ಹೊಸ್ತಿಲಾ ಕಿತ್ರ ಲಕ್ಷ್ಮಿ ಹೋಗ್ತಾಳ್ರೀ ಯವ್ವಾ.”

“ಹೋಗಾಕಿ ಹೋಗ್ಲಿ. ಬಂದಾಕಿ ಇರ್ಲಿ. ನೀ ಕೀಳು.”

ಅವನು ಶಿವ ಶಿವ ಎನ್ನುತ್ತ ಕಿತ್ತ. ಆಮೇಲೆ ಅವನನ್ನು ಬೀದಿಯಲ್ಲಿ ನಿಲ್ಲಿಸಿ, ನಾನು ಒಳಗಿನಿಂದ ಅವನ ಹೆಸರು ಹಿಡಿದು ಕರೆದೆ. ಅವನು ದೆವ್ವ ಕಂಡವನಂತೆ ಹಿಂದೆ ಸರಿದು, ಹತಾರದ ಚೀಲ ಬಗಲಿಗೆ ಹಾಕಿಕೊಂಡು ನಡೆದೇಬಿಟ್ಟ. ಕಿತ್ತ ಜಾಗದ ಮೇಲೆ ಒಂದು ಗೋಣಿತಟ್ಟು ಹಾಸಿದೆ.

ಹೊತ್ತು ಏರಿದ ಮೇಲೆ ಬಂದರು. ಇಂದುಮತಿಬಾಯಿ, ಇಬ್ಬರು ಹಿರಿಯರು, ಅವರ ನಡುವೆ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಪಂಚಾಕ್ಷರಪ್ಪ. ಬಜಾರದ ಜನ ಕೆಲಸವಿದ್ದವರಂತೆ ಅಲ್ಲಲ್ಲಿ ನಿಂತರು. ಕಾಯಿಪಲ್ಲೆ ಮಾರುವ ಹುಸೇನಬಿ ನಮ್ಮ ಎದುರಿಗೇ ಬುಟ್ಟಿ ಇಳಿಸಿ ಕೂತಳು.

“ಏನೋ ನನ್ನ ಕಡಿಂದನ ತಪ್ಪಾಗಿರಬೇಕ್ರಿ ಅಕ್ಕಾ” ಎಂದು ಪಂಚಾಕ್ಷರಪ್ಪ ಬೀದಿಯಲ್ಲಿ ನಿಂತು ಕಣ್ಣಂಚು ಒರೆಸಿಕೊಂಡ. “ಗಂಡ ಹೆಂಡ್ತಿ ಮಾತು, ನಾ ಒಬ್ಬನ ಒಳಗ ಹೋಗಿ ಸಮಾಧಾನ ಮಾಡ್ತೀನಿ. ಅಪ್ಪಣೆ ಕೊಡ್ರಿ.”

ನಾನು ಕಸ್ತೂರಿಯ ಕಡೆ ತಿರುಗಿ ನೋಡಿದೆ. ಬರಲಿ ಎಂದು ಅವಳು ತಲೆಯಾಡಿಸಿದಳು. ಬಾಗಿಲಲ್ಲೇ ನಿಂತು ಅವನಿಗೆ ದಾರಿ ಬಿಟ್ಟೆ. ಅವನು ಚಪ್ಪಲಿ ಬಿಟ್ಟು, ಗೋಣಿತಟ್ಟಿನ ಮೇಲೆ ಕಾಲೊರೆಸಿ ಒಳಗೆ ಬಂದ. ಬಂದದ್ದೇ ತಡ, ಒಳಗಿನ ಗಂಟಲು ತೆರೆಯಿತು.

“ಏಳ್ಲೇ ರಂಡೆ! ಒಂದು ಕೈ ಮುರದದ್ದು ಸಾಲಲಿಲ್ಲೇನು? ಮನಿಗೆ ನಡಿ, ಗಜ ಅಲ್ಲೇ ಐತಿ, ಇನ್ನೊಂದೂ ಮುರೀತೀನಿ. ಹೊರಗ ಬಂದು ನಗಬೇಕು, ತಪ್ಪಾತು ಅನ್ನಬೇಕು, ತಿಳೀತಿಲ್ಲೋ? ಅಲ್ಲಿ ನಿಂತಾಳಲ್ಲ ಆ ಡಾಕ್ಟರನ ಹೆಂಡ್ತಿ, ದೊಡ್ಡ ಕತ್ತೆ, ಆಕಿ ಕಾಲಿಗೆ ಬೀಳು. ಎಲ್ಲಾ ಕತ್ತೆಗೋಳ ಅವು, ನಾ ಹೇಳಿದ್ದ ನಂಬತಾವ!”

ನಾನು ಬೀದಿಯ ಕಡೆ ನೋಡುತ್ತಿದ್ದೆ. ಇಂದುಮತಿಬಾಯಿಯ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಒಬ್ಬ ಹಿರಿಯರು ಬಾಯಿಯ ಎಲೆಯಡಿಕೆ ನುಂಗಿಬಿಟ್ಟರು. ಇಡೀ ಬಜಾರದಲ್ಲಿ ತಕ್ಕಡಿ ಹಿಡಿದ ಕೈಗಳು ಹಾಗೇ ನಿಂತಿದ್ದವು. ಒಳಗೆ ಅವನಿಗೆ ಇದಾವುದೂ ಗೊತ್ತಿರಲಿಲ್ಲ.

ಕಸ್ತೂರಿ ಎದ್ದು ನಿಂತಳು. ದನಿ ಏರಿಸಲೂ ಇಲ್ಲ, ಇಳಿಸಲೂ ಇಲ್ಲ.

“ನಾ ಬರೂದಿಲ್ಲ. ನೀ ಹೋಗು” ಎಂದಳು.

ಅವನು ಕೈ ಎತ್ತಿದ. ನಾನು ಬಾಗಿಲಲ್ಲಿ ಇರುವುದು ಕಂಡು ಇಳಿಸಿದ. ಒಂದು ಗಳಿಗೆ ನಿಂತು ಉಸಿರು ತಂದುಕೊಂಡು, ಅಂಗಿಯ ತೋಳು ಎಳೆದುಕೊಂಡ. ಗೋಣಿತಟ್ಟು ದಾಟಿ ಬಿಸಿಲಿಗೆ ಬರುವಷ್ಟರಲ್ಲಿ ಮುಖದ ಮೇಲೆ ನಗು ಕೂತಿತ್ತು, ಎರಡೂ ಕೈ ಮುಗಿದಿದ್ದವು.

“ಎಲ್ಲಾ ಬಗೀಹರೀತ್ರಿ” ಎಂದ ಬೆಣ್ಣೆಯಂಥ ದನಿಯಲ್ಲಿ. “ಸಣ್ಣ ಮುನಿಸು, ಮತ್ತೇನಿಲ್ಲ. ಬರ್ತೀನಿ ಅಂದ್ಲ್ರಿ ಪಾಪ.”

ಹಿರಿಯರು ತಮ್ಮ ಚಪ್ಪಲಿ ನೋಡಿಕೊಂಡರು. ಇಂದುಮತಿಬಾಯಿ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಏನೂ ಕೇಳಿಸಲಿಲ್ಲ ಎಂದು ಇವರು ಒಬ್ಬರಿಗೊಬ್ಬರು ಒಪ್ಪಿಸಿಕೊಂಡು ಮನೆಗೆ ಹೋಗುತ್ತಿದ್ದರು, ಅಷ್ಟು ಚೆನ್ನಾಗಿ ಬಲ್ಲೆ ಇವರನ್ನು. ಅಷ್ಟರಲ್ಲಿ ಹುಸೇನಬಿ ಮೊಣಕಾಲಿಗೆ ಕೈಯೂರಿ ಎದ್ದಳು.

“ಬರೂದಿಲ್ಲ ಅಂದ್ಲಲ್ರೀ ಸಾವ್ಕಾರ್ರ” ಎಂದಳು. “ನಾವೆಲ್ಲಾ ಕೇಳಿದ್ವಿ.”